ಕಟ್‌ಸೀನ್ ಮುಗಿದ ಮೇಲಿನ ಆಟ

ಹೋದ ತಿಂಗಳು ಒಂದು ರಾತ್ರಿ, ಊಟ ಆದ ಮೇಲೆ, ಅಣ್ಣನ ಮಗ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಎಡಿಟಿಂಗ್ ರೂಮಿಗೆ ಬಂದ. ಇಲ್ಲೇ ಹಾಸನದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದಾನೆ. ಮುಖ ಸಪ್ಪಗಿತ್ತು. ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು, ಹುಟ್ಟುಹಬ್ಬಕ್ಕೆ ನಾನು ಕೊಟ್ಟ ದುಡ್ಡು, ಎಲ್ಲ ಕೂಡಿಟ್ಟು ಒಂದು ಗೇಮ್ ತಗೊಂಡಿದ್ದ. ಎರಡು ದಿನ ಆಡಿದ್ದ. ಈಗ ಪರದೆಯ ಎಡಗಡೆ ಅದರ ಟ್ರೈಲರ್, ಬಲಗಡೆ ಗೇಮ್ ಇಟ್ಟು ನನಗೆ ತೋರಿಸಿದ.

"ನೀನೇ ಹೇಳು ಅತ್ತೆ, ಇವೆರಡೂ ಒಂದೇ ಗೇಮಾ?"

ಎಡಗಡೆ ನಾಯಕನ ಕಣ್ಣಲ್ಲಿ ನೀರು ತುಂಬಿಕೊಂಡು ಹೊಳೆಯುತ್ತಿತ್ತು. ರೆಪ್ಪೆಗೂದಲು ಎಣಿಸಬಹುದಿತ್ತು. ಬಲಗಡೆ ಅದೇ ನಾಯಕ ಒಂದು ಗೋಡೆ ಪಕ್ಕ ನಿಂತಿದ್ದ. ಕೂದಲು ಪ್ಲಾಸ್ಟಿಕ್ ಟೋಪಿ ಥರ ತಲೆ ಮೇಲೆ ಕೂತಿತ್ತು. ನೆರಳು ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಆ ಗೇಮಿನ ಹೆಸರು ಇಲ್ಲಿ ಬೇಡ. ಆದರೆ ಹುಡುಗನ ಬೇಜಾರು ನನಗೆ ತುಂಬಾ ಅರ್ಥವಾಯಿತು. ಅವನಿಗೆ ಅವತ್ತು ಹೇಳಿದ್ದನ್ನೇ, ಹೇಳೋಕೆ ಮರೆತಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಮದುವೆ ವಿಡಿಯೋ ಎಡಿಟಿಂಗ್. ಗೇಮ್ ಮಾಡುವವಳಲ್ಲ, ಆಡುವವಳು. ಆದರೆ ಚಿತ್ರ ಹೇಗೆ ಹುಟ್ಟುತ್ತದೆ, ಅದಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ನನ್ನ ದಿನನಿತ್ಯದ ತಲೆನೋವು. ನಮ್ಮಲ್ಲಿ ಇದಕ್ಕೆ ‘ರೆಂಡರ್‌ಗೆ ಹಾಕೋದು’ ಅಂತೀವಿ. ಐದು ನಿಮಿಷದ ಹೈಲೈಟ್ಸ್ ವಿಡಿಯೋಗೆ ಕಲರ್ ಮಾಡಿ, ಮಬ್ಬು ಬೆಳಕಿನ ಚುಕ್ಕೆಗಳನ್ನು ತೆಗೆದು, ಎಫೆಕ್ಟ್ ಹಾಕಿ ಎಕ್ಸ್‌ಪೋರ್ಟ್ ಕೊಟ್ಟರೆ ನನ್ನ ಯಂತ್ರ ಮುಕ್ಕಾಲು ಗಂಟೆ ತಗೊಳ್ಳುತ್ತದೆ. ಅಷ್ಟು ಹೊತ್ತಿಗೆ ನಾನು ಅನ್ನಕ್ಕಿಟ್ಟು, ಸಾರು ಕುದಿಸಿ, ಊಟ ಮುಗಿಸಿ ಬಂದಿರುತ್ತೇನೆ. ಮಳೆಗಾಲದಲ್ಲಿ ಮಧ್ಯೆ ಕರೆಂಟ್ ಹೋದರೆ ಯುಪಿಎಸ್ ಕೂಗಿಕೊಳ್ಳುತ್ತದೆ, ನಾನು ದೇವರ ಮುಂದೆ ನಿಂತ ಹಾಗೆ ಅದರ ಮುಂದೆ ನಿಂತಿರುತ್ತೇನೆ.

ಗೇಮಿಗೆ ಆ ಪುರುಸೊತ್ತು ಇಲ್ಲ. ಸೆಕೆಂಡಿಗೆ 60 ಚಿತ್ರ ಬರಬೇಕು ಅಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. 30 ಚಿತ್ರ ಸಾಕು ಅಂದರೆ 33. ಅಷ್ಟರೊಳಗೆ ನೀವು ಯಾವ ಬಟನ್ ಒತ್ತಿದಿರಿ ನೋಡಬೇಕು, ಶತ್ರುಗಳು ಎಲ್ಲಿಗೆ ಓಡಬೇಕು ಅಂತ ಲೆಕ್ಕ ಹಾಕಬೇಕು, ಬೀಳುವ ಡಬ್ಬ ಹೇಗೆ ಉರುಳುತ್ತದೆ ಯೋಚಿಸಬೇಕು, ಆಮೇಲೆ ಇಡೀ ಚಿತ್ರ ಬಿಡಿಸಬೇಕು. ಗೇಮಿನ ಮಧ್ಯೆ ನಾವು ಆಡದೆ ಸುಮ್ನೆ ನೋಡುವ ಕಥೆಯ ದೃಶ್ಯಕ್ಕೆ ಕಟ್‌ಸೀನ್ ಅಂತಾರೆ. ಪ್ರೀ-ರೆಂಡರ್ಡ್, ಅಂದರೆ ಮೊದಲೇ ಬಿಡಿಸಿಟ್ಟ ಕಟ್‌ಸೀನ್, ನನ್ನ ಮದುವೆ ವಿಡಿಯೋ ಇದ್ದ ಹಾಗೆ. ಕಂಪನಿಯ ಯಂತ್ರಗಳು ತಮ್ಮ ಪಾಡಿಗೆ ಗಂಟೆಗಟ್ಟಲೆ ಕೂತು ಬಿಡಿಸಿಟ್ಟ ಚಿತ್ರ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಅಲ್ಲಿ ಮಾಡುವ ಕೆಲಸ ಒಂದೇ, ವಿಡಿಯೋ ಪ್ಲೇ ಮಾಡುವುದು. ಅದನ್ನು ನೋಡಿ ಗೇಮ್ ಹೀಗೇ ಇರುತ್ತದೆ ಅಂದುಕೊಂಡರೆ ಬೇಜಾರು ಖಂಡಿತ.

ನಾನೂ ಹಾಗೆ ಅಂದುಕೊಂಡವಳೇ.

2006ರಲ್ಲಿ ನಾನು ಸೆಕೆಂಡ್ ಪಿಯುಸಿ. ಅಣ್ಣ ಆಗ ಸಾಲಗಾಮೆ ರಸ್ತೆಯಲ್ಲಿ ಒಂದು ಪುಟ್ಟ ಡಿಟಿಪಿ ಅಂಗಡಿ ಇಟ್ಟಿದ್ದ. ಹಗಲೆಲ್ಲ ಮದುವೆ ಕಾರ್ಡು, ಕಾಲೇಜಿನ ಪ್ರಾಜೆಕ್ಟ್ ಬುಕ್ಕು. ಸಂಜೆ ಏಳಾದ ಮೇಲೆ ಶಟರ್ ಅರ್ಧ ಎಳೆದು ಇಬ್ಬರೂ ಗೇಮ್ ಹಾಕುತ್ತಿದ್ದೆವು. ‘ಏಜ್ ಆಫ್ ಎಂಪೈರ್ಸ್ 2’ ಶುರುವಾಗುವಾಗ ಇಬ್ಬರು ರಾಜರು ಚದುರಂಗ ಆಡುವ ವಿಡಿಯೋ ಬರುತ್ತದೆ. ಒಂದೊಂದು ಕಾಯಿ ನಡೆಸಿದಾಗಲೂ ಅತ್ತ ಯುದ್ಧದಲ್ಲಿ ಏನೋ ಆಗುತ್ತದೆ. ಆಮೇಲೆ ಆಟದಲ್ಲಿ ಮೇಲಿಂದ ನೋಡಿದರೆ ಇರುವೆಯಷ್ಟು ಜನ ಮರ ಕಡಿಯುತ್ತಿರುತ್ತಾರೆ. ಅದು ನಮಗೆ ಮೋಸ ಅಂತ ಒಂದು ದಿನವೂ ಅನ್ನಿಸಲಿಲ್ಲ. ಎರಡರ ನಡುವೆ ಅಷ್ಟು ದೂರ ಇತ್ತು, ಯಾರೂ ಒಂದನ್ನು ಇನ್ನೊಂದು ಅಂದುಕೊಳ್ಳುವ ಹಾಗೇ ಇರಲಿಲ್ಲ. 1997ರ ‘ಫೈನಲ್ ಫ್ಯಾಂಟಸಿ 7’ ನಾನು ಎಷ್ಟೋ ವರ್ಷ ಆದ ಮೇಲೆ ನೋಡಿದೆ. ಮೂರು ಸಿಡಿಯ ಗೇಮ್. ಓಡಾಡುವಾಗ ಪಾತ್ರಗಳ ಕೈ ಮರದ ತುಂಡು ಜೋಡಿಸಿದ ಹಾಗಿದೆ. ಮಧ್ಯೆ ಬರುವ ವಿಡಿಯೋ ನೋಡಿದರೆ ಬೇರೆಯದೇ ಲೋಕ. ಅಲ್ಲೂ ನನಗೆ ಅದು ಬಹುಮಾನದ ಹಾಗೆ ಕಂಡಿತು. ಇಷ್ಟು ಆಡಿದ್ದೀಯಲ್ಲ, ತಗೋ, ಇದನ್ನು ನೋಡು ಅಂತ.

ಗೊಂದಲ ಶುರುವಾಗಿದ್ದು 2005ರ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ನಿಂದ. ಅದು ನಮ್ಮ ಕೈಗೆ ಸಿಕ್ಕಿದ ಬಗೆಯನ್ನೂ ಹೇಳಬೇಕು. ಆಗ ಪೇಟೆಯಲ್ಲಿ ಸಿಗುತ್ತಿದ್ದ ಸಿಡಿಗಳಲ್ಲಿ ‘ರಿಪ್’ ಅಂತ ಬರೆದಿರುತ್ತಿತ್ತು. ಗೇಮನ್ನು ಚಿಕ್ಕದು ಮಾಡೋಕೆ ಮೊದಲು ಕಿತ್ತು ಹಾಕುತ್ತಿದ್ದುದೇ ವಿಡಿಯೋಗಳನ್ನು. ನಾವು ಹೆಚ್ಚುಕಡಿಮೆ ಒಂದು ವರ್ಷ ಆ ಗೇಮ್ ಆಡಿದೆವು, ಅದರಲ್ಲಿ ಒಂದು ಕಥೆ ಇದೆ ಅಂತಲೇ ಗೊತ್ತಿಲ್ಲದೆ. ರೇಜರ್ ಅನ್ನುವವನು ಯಾರು, ನಮ್ಮ ಬಿಎಂಡಬ್ಲ್ಯು ಕಾರು ಅವನ ಕೈಗೆ ಹೇಗೆ ಹೋಯಿತು, ಏನೂ ಗೊತ್ತಿರಲಿಲ್ಲ. ಸುಮ್ನೆ ಓಡಿಸುತ್ತಿದ್ದೆವು. ಆಮೇಲೆ ಅಣ್ಣನ ಗೆಳೆಯನೊಬ್ಬನ ಮನೆಯಲ್ಲಿ ಪೂರ್ತಿ ಗೇಮ್ ನೋಡಿದೆ. ಜನ ಬಂದು ಮಾತಾಡುತ್ತಿದ್ದಾರೆ! ಅಣ್ಣ "ಇದು ಗ್ರಾಫಿಕ್ಸು" ಅಂದ. ನಾನು "ಅಲ್ಲ, ನಿಜವಾದ ಜನ" ಅಂದೆ. ಮನೆಗೆ ಬರುವ ತನಕ ಜಗಳ. ಅವರು ನಿಜವಾದ ನಟರೇ. ಅವರನ್ನು ಕ್ಯಾಮೆರಾದಲ್ಲಿ ಹಿಡಿದು, ಸುತ್ತಲಿನ ಜಾಗವನ್ನು ಕಂಪ್ಯೂಟರಿನಲ್ಲಿ ಮಾಡಿ, ಎರಡೂ ಒಂದೇ ಬಣ್ಣಕ್ಕೆ ಬರುವ ಹಾಗೆ ತಿದ್ದಿದ್ದರು. ಇವತ್ತು ನಾನು ಮದುವೆ ವಿಡಿಯೋಗಳಿಗೆ ಬಣ್ಣ ಹೊಂದಿಸುತ್ತೇನಲ್ಲ, ಆ ಕೆಲಸದ ಮೊದಲ ಪಾಠ ಅಲ್ಲೇ ಆಗಿದ್ದು ಅಂತ ನನಗೆ ಅನ್ನಿಸುತ್ತದೆ.

ಅದೇ ಕಾಲದಲ್ಲಿ ಆಡಿದ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನಾಯಕ ಸಿಜೆಗೆ ನೀವು ಯಾವ ಬಟ್ಟೆ ಹಾಕಿರುತ್ತೀರೋ ಅದೇ ಬಟ್ಟೆಯಲ್ಲಿ ಅವನು ಕಟ್‌ಸೀನ್‌ಗೂ ಬರುತ್ತಾನೆ. ತಿಂದು ತಿಂದು ದಪ್ಪ ಮಾಡಿದ್ದರೆ ಕಟ್‌ಸೀನ್‌ನಲ್ಲೂ ದಪ್ಪ. ಜಿಮ್‌ಗೆ ಕಳಿಸಿ ತೋಳು ಬರಿಸಿದ್ದರೆ ಅಲ್ಲೂ ತೋಳು. ಯಾಕೆಂದರೆ ಆ ಕಟ್‌ಸೀನ್ ಮೊದಲೇ ಮಾಡಿಟ್ಟ ವಿಡಿಯೋ ಅಲ್ಲ. ಆ ಗಳಿಗೆಯಲ್ಲಿ ನಿಮ್ಮ ಕಂಪ್ಯೂಟರೇ ಬಿಡಿಸುತ್ತಿರುವ ಚಿತ್ರ. ಮುಖ ಚೌಕ ಚೌಕ, ಬೆರಳು ಅಂಟಿಕೊಂಡಿವೆ. ಆದರೂ ನನಗೆ ಅದೇ ಇಷ್ಟ. ನಾನು ಮಾಡಿದ್ದು ಕಥೆಯೊಳಗೆ ಉಳಿಯಿತಲ್ಲ ಅನ್ನುವ ಖುಷಿ.

ಇದೇ ವ್ಯತ್ಯಾಸ ಒಂದೇ ಗೇಮಿನಲ್ಲಿ ನೋಡಬೇಕಾದರೆ ‘ರೆಸಿಡೆಂಟ್ ಈವಿಲ್ 4’ ಇದೆ. 2005ರ ಶುರುವಿನಲ್ಲಿ ಗೇಮ್‌ಕ್ಯೂಬ್ ಅನ್ನುವ ಗೇಮ್ ಯಂತ್ರಕ್ಕೆ ಬಂದಾಗ ಕಟ್‌ಸೀನ್‌ಗಳನ್ನು ಯಂತ್ರವೇ ಆಗಿಂದಾಗ್ಗೆ ಬಿಡಿಸುತ್ತಿತ್ತು. ಅದೇ ವರ್ಷ ಪ್ಲೇಸ್ಟೇಷನ್ 2ಕ್ಕೆ ಬಂದಾಗ ಅವನ್ನು ವಿಡಿಯೋ ಮಾಡಿ ಹಾಕಿದರು. ಹಾಗಾಗಿ ಆಟದಲ್ಲಿ ನಾಯಕನಿಗೆ ಬೇರೆ ಬಟ್ಟೆ ಹಾಕಿಸಿದ್ದರೂ ಕಟ್‌ಸೀನ್ ಬಂದ ಕೂಡಲೇ ಹಳೇ ಬಟ್ಟೆ.

ಇಷ್ಟು ಹೇಳುವಾಗ ಹುಡುಗ ಒಂದು ಸರಿಯಾದ ಪ್ರಶ್ನೆ ಕೇಳಿದ. "ಸರಿ ಅತ್ತೆ. ವಿಡಿಯೋ ಆದರೆ ಬೇರೆ. ಆದರೆ ಯಂತ್ರವೇ ಬಿಡಿಸೋದಾದ್ರೆ ಕಟ್‌ಸೀನ್‌ನಲ್ಲಿ ಯಾಕೆ ಅಷ್ಟು ಚೆನ್ನಾಗಿ ಕಾಣುತ್ತೆ? ಅದೇ ಕಾರ್ಡು, ಅದೇ ಗೇಮು, ಅಲ್ವಾ?"

ಅವನಿಗೆ ಉತ್ತರ ಬಾಯಲ್ಲಿ ಹೇಳಲಿಲ್ಲ. ನನ್ನ ಹಾರ್ಡ್ ಡಿಸ್ಕಿನಿಂದ ಎರಡು ಕ್ಲಿಪ್ ತೆಗೆದು ಹಾಕಿದೆ. ಒಂದೇ ಜೋಡಿ, ಒಂದೇ ಕ್ಯಾಮೆರಾ. ಮೊದಲನೆಯದು ಶೆಟ್ಟಿಹಳ್ಳಿಯ ಹಳೇ ಚರ್ಚಿನ ಹತ್ತಿರ ಮಾಡಿದ ಪ್ರೀ ವೆಡ್ಡಿಂಗ್. ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದಿತ್ತು, ಒಳಗೆ ನಡೆದು ಹೋಗಬಹುದಿತ್ತು. ಸಂಜೆ ಐದೂವರೆ ಬಿಸಿಲು. ಒಬ್ಬ ಹುಡುಗ ರಿಫ್ಲೆಕ್ಟರ್ ಹಿಡಿದು ಬೆಳಕನ್ನು ಹುಡುಗಿಯ ಕೆನ್ನೆಗೆ ತಿರುಗಿಸಿದ್ದ. ಹಿಂದಿನ ಕಮಾನು ಮಬ್ಬಾಗಿತ್ತು. ಅದೊಂದು ಶಾಟ್‌ಗೆ ಇಪ್ಪತ್ತು ನಿಮಿಷ ಹಿಡಿದಿತ್ತು. ಎರಡನೆಯದು ಅದೇ ಜೋಡಿಯ ಧಾರೆ. ಕಲ್ಯಾಣ ಮಂಟಪದ ಟ್ಯೂಬ್‌ಲೈಟ್, ಎದುರಿಗೆ ಹೋಮದ ಹೊಗೆ, ಅಡ್ಡಕ್ಕೆ ಸೋದರಮಾವನ ತಲೆ, ವಾಲಗದ ಸದ್ದಿಗೆ ಎಲ್ಲರೂ ಅಕ್ಷತೆ ಎಸೆಯುತ್ತಿದ್ದಾರೆ. ಅಲ್ಲಿ ಯಾರನ್ನೂ ಸ್ವಲ್ಪ ಪಕ್ಕಕ್ಕೆ ನಿಲ್ಲಿ ಅನ್ನೋ ಹಾಗಿಲ್ಲ. ಯಾರು ಯಾವ ಕಡೆಯಿಂದ ಬರುತ್ತಾರೆ ಅಂತಲೂ ಗೊತ್ತಿಲ್ಲ.

ಅವನಿಗೆ ತಕ್ಷಣ ಹೊಳೆಯಿತು.

ಯಂತ್ರವೇ ಬಿಡಿಸುವ ಕಟ್‌ಸೀನ್ ಅಂದರೆ ಶೆಟ್ಟಿಹಳ್ಳಿ ಶಾಟು. ಕ್ಯಾಮೆರಾ ಎಲ್ಲಿರುತ್ತದೆ ಅಂತ ಗೇಮ್ ಮಾಡಿದವರಿಗೆ ಮೊದಲೇ ಗೊತ್ತು. ಹಾಗಾಗಿ ಆ ಶಾಟ್‌ಗೇ ಅಂತ ದೀಪ ಇಡುತ್ತಾರೆ. ಮುಖಕ್ಕೊಂದು, ಕೂದಲಿನ ಅಂಚಿಗೆ ಹಿಂದಿನಿಂದ ಒಂದು. ಮುಂದಿನ ಶಾಟ್ ಬಂದಾಗ ಆ ದೀಪ ತೆಗೆದು ಬೇರೆ ಕಡೆ ಇಡುತ್ತಾರೆ. ಆಟದಲ್ಲಿ ನೀವು ಎಲ್ಲಿಗೆ ತಿರುಗುತ್ತೀರಿ ಯಾರಿಗೆ ಗೊತ್ತು? ಎಲ್ಲ ದಿಕ್ಕಿಗೂ ಸಾಕಾಗುವ ಬೆಳಕು ಇಡಬೇಕು. ಹಿನ್ನೆಲೆ ಮಬ್ಬು ಮಾಡುವುದೂ ಅಷ್ಟೇ. ನಾವು ಲೆನ್ಸ್‌ನಲ್ಲಿ ಮಾಡುವುದನ್ನು ಅವರು ಲೆಕ್ಕದಲ್ಲಿ ಮಾಡುತ್ತಾರೆ. ನೋಡುವವರ ಕಣ್ಣು ಮುಖಕ್ಕೆ ಹೋಗುತ್ತದೆ, ದೂರದ ಮರದ ಕೊರತೆಯೂ ಮುಚ್ಚಿಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ ಬೊಂಬೆಗಳದ್ದು. ಗೇಮಿನಲ್ಲಿ ಒಂದೇ ಪಾತ್ರಕ್ಕೆ ಎರಡು ಮೂರು ಮಾದರಿ ಇಟ್ಟಿರುತ್ತಾರೆ. ದೂರ ಇದ್ದಾಗ ಕಡಿಮೆ ಪಾಲಿಗನ್ (ಬೊಂಬೆ ಕಟ್ಟುವ ಚಪ್ಪಟೆ ತುಂಡು) ಇರುವ ಸರಳ ಬೊಂಬೆ, ಹತ್ತಿರ ಬಂದರೆ ಜಾಸ್ತಿ ವಿವರ ಇರುವುದು. ಕಟ್‌ಸೀನ್‌ನಲ್ಲಿ ಎಲ್ಲಕ್ಕಿಂತ ಒಳ್ಳೇದು ಹೊರಗೆ ಬರುತ್ತದೆ. ನಾವೂ ಹೀಗೇ ಮಾಡುತ್ತೇವೆ. ಎಡಿಟ್ ಮಾಡುವಾಗ ಪ್ರಾಕ್ಸಿ ಅಂತ ಚಿಕ್ಕ ಫೈಲ್ ಇಟ್ಟುಕೊಂಡು, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ದೊಡ್ಡ ಫೈಲ್ ತಗೊಳ್ಳುತ್ತೇವೆ. ಜೊತೆಗೆ ಕಟ್‌ಸೀನ್ ನಡೆಯುವಾಗ ಶತ್ರುಗಳು ಯೋಚಿಸಬೇಕಿಲ್ಲ, ಬೀದಿಯಲ್ಲಿ ಐವತ್ತು ಕಾರು ಓಡಬೇಕಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬಿಡಿಸಬೇಕಾದ ಜಾಗವೂ ಕಡಿಮೆ. ಆ ಉಳಿತಾಯವನ್ನೆಲ್ಲ ಮುಖಕ್ಕೆ ಸುರಿಯಬಹುದು.

ಆದ್ದರಿಂದ ಕಟ್‌ಸೀನ್ ಸುಳ್ಳಾ ಅಂತ ಕೇಳಿದರೆ ನಾನು ಇಲ್ಲ ಅಂತೀನಿ. ಆ ಗೇಮಿಗೆ ಎಲ್ಲವೂ ಅನುಕೂಲವಾಗಿ ಒದಗಿದಾಗ ಅದು ಎಷ್ಟು ಚೆನ್ನಾಗಿ ಬಿಡಿಸಬಲ್ಲದು ಅಂತ ತೋರಿಸುತ್ತದೆ. ಶೆಟ್ಟಿಹಳ್ಳಿ ಶಾಟ್‌ನಲ್ಲಿ ಇರುವುದೂ ಅದೇ ಹುಡುಗಿ. ಆದರೆ ಇಡೀ ಮದುವೆ ವಿಡಿಯೋ ಹಾಗೇ ಬರುತ್ತದೆ ಅಂತ ಗಿರಾಕಿಗೆ ಹೇಳಿದರೆ ಮಾತ್ರ ನಾನು ಸುಳ್ಳು ಹೇಳಿದ ಹಾಗೆ. ಅದಕ್ಕೇ ಮೂರು ವರ್ಷದಿಂದ ನಮ್ಮಲ್ಲಿಗೆ ಬರುವವರಿಗೆ ಹೈಲೈಟ್ಸ್ ಜೊತೆಗೆ ಒಂದು ಧಾರೆಯ ಪೂರ್ತಿ ವಿಡಿಯೋ ಹಾಕಿ ತೋರಿಸುತ್ತಿದ್ದೇನೆ. ಕೆಲವರು ಅದನ್ನು ನೋಡಿ ಬೇರೆ ಕಡೆ ಹೋಗಿದ್ದಾರೆ. ಹೋಗಲಿ.

ಗೇಮ್ ಕಂಪನಿಗಳಿಂದಲೂ ನಾನು ಅಷ್ಟೇ ಬಯಸುತ್ತೇನೆ. ಕಟ್‌ಸೀನ್ ಬಗ್ಗೆ ನನ್ನ ತಕರಾರಿಲ್ಲ, ಟ್ರೈಲರ್ ಬಗ್ಗೆ ಇದೆ. 2005ರ ಇ3 ಅನ್ನುವ ಗೇಮ್ ಮೇಳದಲ್ಲಿ ‘ಕಿಲ್‌ಜೋನ್ 2’ ಅಂತ ತೋರಿಸಿದ ವಿಡಿಯೋ ಪ್ರೀ-ರೆಂಡರ್ಡ್ ಆಗಿತ್ತು. ನೋಡಿದವರು ಅದೇ ಗೇಮ್ ಅಂದುಕೊಂಡರು, ವರ್ಷಗಟ್ಟಲೆ ವಾದ ನಡೆಯಿತು. ಗೇಮ್ ಬಂದಿದ್ದು 2009ರಲ್ಲಿ. ‘ವಾಚ್ ಡಾಗ್ಸ್’ 2012ರಲ್ಲಿ ತೋರಿಸಿದ ಮಳೆಯ ಬೀದಿಗೂ 2014ರಲ್ಲಿ ಕೈಗೆ ಬಂದ ಗೇಮಿಗೂ ಇದ್ದ ವ್ಯತ್ಯಾಸವನ್ನು ಜನ ಪಕ್ಕಪಕ್ಕ ಇಟ್ಟು ನೋಡಿದರು, ನಮ್ಮ ಹುಡುಗ ಮಾಡಿದ ಹಾಗೇ. 2013ರ ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ ವಿಷಯ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯ ತನಕ ಹೋಯಿತು. ಟ್ರೈಲರ್‌ಗಳು ಅಂತಿಮ ಗೇಮನ್ನು ಸರಿಯಾಗಿ ತೋರಿಸುವುದಿಲ್ಲ ಅಂತ ಆ ಗೇಮ್ ಹೊರತಂದ ಸೆಗಾ ಕಂಪನಿ ಒಪ್ಪಿಕೊಂಡು, ಅವುಗಳ ಮೇಲೆ ಸೂಚನೆ ಹಾಕುವುದಾಗಿ ಹೇಳಿತು. ಒಬ್ಬರು ದೂರು ಕೊಟ್ಟಿದ್ದರಿಂದ ಅಷ್ಟಾದರೂ ಆಯಿತು.

ಇನ್ನು ‘ಇನ್-ಎಂಜಿನ್’ ಅನ್ನುವ ಮಾತು. ಇದನ್ನು ಓದಿ ಎಷ್ಟೋ ಜನ ಮೋಸ ಹೋಗುತ್ತಾರೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಗೇಮ್ ಓಡಿಸಿ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗೆ ಎಂಜಿನ್ ಅಂತಾರೆ. ಗೇಮ್ ಮಾಡಿದ ಎಂಜಿನ್ನಿನಲ್ಲೇ ಮಾಡಿದ್ದು ಅಂತ ಆ ಮಾತಿನ ಅರ್ಥ. ನಿಮ್ಮ ಯಂತ್ರದಲ್ಲಿ, ಅದೇ ವೇಗದಲ್ಲಿ ಬಿಡಿಸುತ್ತಾರೆ ಅಂತ ಅಲ್ಲ. ಪ್ಲೇಸ್ಟೇಷನ್ 3ರ ‘ಅನ್‌ಚಾರ್ಟೆಡ್’ ಮೂರೂ ಗೇಮುಗಳ ಕಟ್‌ಸೀನ್ ಹಾಗೇ ಇದ್ದವು. ಎಂಜಿನ್ ಅದೇ, ಆದರೆ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ವಿಡಿಯೋ ಆಗಿ ಡಿಸ್ಕಿಗೆ ಹಾಕಿದ್ದು. ವಿಡಿಯೋ ಓಡುವಾಗ ಹಿಂದೆ ಮುಂದಿನ ಹಂತ ಲೋಡ್ ಆಗುತ್ತಿತ್ತು. 2016ರ ‘ಅನ್‌ಚಾರ್ಟೆಡ್ 4’ ಬರುವ ಹೊತ್ತಿಗೆ ಕಟ್‌ಸೀನ್ ಎಲ್ಲ ಯಂತ್ರವೇ ಬಿಡಿಸುವಂತಾಯಿತು. 2018ರ ‘ಗಾಡ್ ಆಫ್ ವಾರ್’ ಶುರುವಿನಿಂದ ಕೊನೆ ತನಕ ಕಟ್ಟೇ ಇಲ್ಲದೆ ಒಂದೇ ಶಾಟ್ ಆಗಿ ಸಾಗುತ್ತದೆ. ಮಾತು ಯಾವಾಗ ಮುಗಿಯಿತು, ನಿಮ್ಮ ಕೈಗೆ ಕೊಡಲಿ ಯಾವಾಗ ಬಂತು ಗೊತ್ತೇ ಆಗುವುದಿಲ್ಲ. ಎಡಿಟರ್ ಆಗಿ ನಾನು ಆ ಗೇಮಿಗೆ ಕೈ ಮುಗಿದೆ.

2025ರ ಮೇ ತಿಂಗಳಲ್ಲಿ ‘ಜಿಟಿಎ 6’ರ ಎರಡನೇ ಟ್ರೈಲರ್ ಬಂದಾಗ ನಮ್ಮ ಹುಡುಗ ಮತ್ತು ಅವನ ಗೆಳೆಯರು ಮಹಾರಾಜ ಪಾರ್ಕಿನ ಹತ್ತಿರ ಚಹಾ ಕುಡಿಯುತ್ತಾ ಗಂಟೆಗಟ್ಟಲೆ ವಾದ ಮಾಡಿದ್ದರಂತೆ. ಪೂರ್ತಿ ಪ್ಲೇಸ್ಟೇಷನ್ 5ರಲ್ಲೇ ಹಿಡಿದಿದ್ದು, ಅರ್ಧ ಗೇಮ್‌ಪ್ಲೇ (ನಾವು ಆಡುವ ಭಾಗ), ಅರ್ಧ ಕಟ್‌ಸೀನ್ ಅಂತ ಅದನ್ನು ಮಾಡುವ ರಾಕ್‌ಸ್ಟಾರ್ ಕಂಪನಿ ಹೇಳಿತು. ಯಾವ ಅರ್ಧ ಯಾವುದು ಅಂತ ಹುಡುಗರಿಗೆ ಗೊತ್ತಾಗಲಿಲ್ಲ. ನಾನೂ ನಾಲ್ಕೈದು ಸಲ ನೋಡಿದೆ. ಕೆಲವು ಶಾಟ್ ನನಗೂ ಹೇಳಲಾಗಲಿಲ್ಲ.

ಆ ರಾತ್ರಿ ನಾವು ಮಾಡಿದ ಪ್ರಯೋಗ ಹೇಳಿ ನಿಲ್ಲಿಸುತ್ತೇನೆ. ಯಾವುದು ವಿಡಿಯೋ, ಯಾವುದು ಯಂತ್ರ ಬಿಡಿಸಿದ್ದು ಅಂತ ತಿಳಿಯುವುದು ಹೇಗೆ ಅಂತ ಕೇಳಿದ. ಬಟ್ಟೆ ಬದಲಿಸಿ ನೋಡು ಅಂದೆ. ಅದು ಆಗದ ಗೇಮಾದರೆ ಗ್ರಾಫಿಕ್ಸ್ ಸೆಟ್ಟಿಂಗ್ ಕೆಳಗಿಳಿಸಿ ಅದೇ ಕಟ್‌ಸೀನ್ ಮತ್ತೆ ಹಾಕು. ಚಿತ್ರ ಹಾಗೇ ಇದ್ದರೆ ವಿಡಿಯೋ, ಕೆಟ್ಟರೆ ಯಂತ್ರದ್ದು. ಕತ್ತಲ ಆಕಾಶದಲ್ಲಿ ಪಟ್ಟಿ ಪಟ್ಟಿ ಕಂಡರೂ ಹೆಚ್ಚಾಗಿ ವಿಡಿಯೋನೇ, ಅದು ಫೈಲ್ ಒತ್ತಿ ಚಿಕ್ಕದು ಮಾಡಿದ ಗುರುತು. ಹಳೇ ಗೇಮನ್ನು ಹೊಸ ಮಾನಿಟರ್‌ನಲ್ಲಿ ಹಾಕಿದರೆ ಎಷ್ಟೋ ಸಲ ಕಟ್‌ಸೀನ್‌ಗಿಂತ ಆಟವೇ ಚೊಕ್ಕವಾಗಿ ಕಾಣುವುದೂ ಅದಕ್ಕೇ. ಕೊಳ್ಳುವ ಮೊದಲು ನೋಡಬೇಕಾದ್ದು ಮುಖವನ್ನಲ್ಲ, ನಡೆಯುವಾಗ ಕಾಲು ನೆಲಕ್ಕೆ ತಾಗುವ ಜಾಗ, ಹುಲ್ಲು, ದೂರದ ನೆರಳು. ನಿನ್ನಂಥದ್ದೇ ಕಾರ್ಡ್ ಇರುವವರು ಆಡಿದ ವಿಡಿಯೋ ಹುಡುಕು ಅಂದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಾದರೆ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲಿ ಸುಮ್ನೆ ಓಡಾಡಿ ನೋಡು ಅಂತಲೂ ಹೇಳಿದೆ. ಅವನಿಗೆ ಆ ಗಡುವು ಆಗಲೇ ದಾಟಿತ್ತು.

ಅವನ ಲ್ಯಾಪ್‌ಟಾಪ್‌ನಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ. ‘ರೆಡ್ ಡೆಡ್ ರಿಡೆಂಪ್ಷನ್ 2’ ಹಾಕಿದ. ಮೊದಲ ಅಧ್ಯಾಯ, ಹಿಮ ಸುರಿಯುವ ರಾತ್ರಿ, ಮರದ ಮನೆಯೊಳಗೆ ದೀಪದ ಬೆಳಕಲ್ಲಿ ಎಲ್ಲರೂ ಮುದುಡಿ ಕೂತಿದ್ದಾರೆ. ಒಮ್ಮೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ನೋಡಿದೆವು. ಆಮೇಲೆ ಅವನು ಎಲ್ಲವನ್ನೂ ಕೊನೇ ಮೆಟ್ಟಿಲಿಗೆ ಇಳಿಸಿ, ಗೇಮ್ ಮುಚ್ಚಿ ತೆರೆದು, ಅದೇ ದೃಶ್ಯ ಮತ್ತೆ ಹಾಕಿದ. ಟೋಪಿ ಕೆಳಗಿನ ನೆರಳು ಒಡೆಯಿತು. ಗಡ್ಡ ಒರಟಾಯಿತು. ಕೋಟಿನ ನೂಲು ಮಾಯ.

"ಯಂತ್ರದ್ದೇ ಅತ್ತೆ!" ಅಂತ ಕುಣಿದ.

ನಾನು ಇನ್ನೊಂದು ರೆಂಡರ್‌ಗೆ ಹಾಕಿ ಮಲಗೋಕೆ ಎದ್ದೆ. ಅವನು ಆಡುತ್ತಾ ಕೂತ. ನಡುರಾತ್ರಿ ನೀರು ಕುಡಿಯೋಕೆ ಎದ್ದಾಗಲೂ ಆ ರೂಮಿನಿಂದ ಕುದುರೆ ಹಿಮದಲ್ಲಿ ನಡೆಯುವ ಸದ್ದು ಬರುತ್ತಿತ್ತು. ಎರಡು ದಿನ ಆದ ಮೇಲೆ ತಿಂಡಿಗೆ ಕೂತಾಗ ಹೇಳಿದ, ಹಿಮ ಕರಗಿ ಕೆಳಗಿನ ಬಯಲಿಗೆ ಬಂದಾಗಿದೆ, ಆದರೆ ಸೆಟ್ಟಿಂಗ್ ವಾಪಸ್ ಏರಿಸೋದು ಮರೆತೇಹೋಗಿತ್ತು ಅಂತ.